ಆವಿಯಾಗುವುದು, ಹಬೆಯಾಡುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರು ಗಾಳಿಗೆ ಸೇರುವ ಮತ್ತು ಗಾಳಿಯಿಂದ ಮರಳುವ ಹಾದಿಯ ಪದಗಳನ್ನು ಕುರಿತವು. ಭೌತಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಿ ನಿವೃತ್ತಳಾದ ನನಗೆ ಇದಕ್ಕಿಂತ ಪ್ರಿಯವಾದ ವಿಷಯ ಇನ್ನೊಂದಿಲ್ಲ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪಾಠಗಳಲ್ಲಿ ಒಂದು ಕಡೆ ‘ಆವಿ’, ಇನ್ನೊಂದು ಕಡೆ ‘ಹಬೆ’, ಮತ್ತೊಂದು ಕಡೆ ‘ಉಗಿ’ ಎಂದು ಬರುತ್ತದೆ. ನಿಘಂಟು ತೆರೆದರೆ ಒಂದರ ಅರ್ಥವಾಗಿ ಇನ್ನೊಂದನ್ನು ಕೊಟ್ಟಿರುತ್ತಾರೆ. ಮೂರೂ ಒಂದೇಯೇ ಎಂದು ಕೇಳುವ ಮಕ್ಕಳಿಗೆ ಏನು ಹೇಳಲಿ ಮೇಡಂ?

ಉತ್ತರ: ನಿಘಂಟು ತಪ್ಪು ಹೇಳಿಲ್ಲ. ಮೂರನ್ನೂ ಒಂದರ ಬದಲು ಒಂದು ಬಳಸುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ಒಂದು ಪದದ ಗುಣ ತಿಳಿಯಬೇಕಾದರೆ ಅದು ಯಾವ ಕ್ರಿಯಾಪದದ ಜೊತೆ ಒಡನಾಡುತ್ತದೆ ಎಂದು ನೋಡಬೇಕು. ‘ಹಬೆಯಾಡುವ ಕಾಫಿ’ ಎನ್ನುತ್ತೇವೆ. ‘ಆವಿಯಾಡುವ ಕಾಫಿ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಬಿಸಿಲಿಗೆ ಕೆರೆಯ ನೀರು ‘ಆವಿಯಾಗುತ್ತದೆ’. ‘ಹಬೆಯಾಗುತ್ತದೆ’ ಎಂದರೆ ಕಿವಿ ಒಪ್ಪುವುದಿಲ್ಲ. ಹಬೆಗೆ ‘ಆಡು’, ಆವಿಗೆ ‘ಆಗು’. ಹೊಗೆಯಾಡು, ಹಾರಾಡು, ತೂಗಾಡು, ನಲಿದಾಡು: ‘ಆಡು’ ಸೇರಿದ ಕಡೆ ಕಣ್ಣಿಗೆ ಕಾಣುವ ಚಲನೆ ಇರುತ್ತದೆ. ಬೂದಿಯಾಗು, ಕಲ್ಲಾಗು, ಮಾಯವಾಗು: ‘ಆಗು’ ಸೇರಿದ ಕಡೆ ಒಂದು ಇನ್ನೊಂದಾಗುತ್ತದೆ. ಯಾವ ಪಂಡಿತರೂ ಕೂತು ಹಂಚಿಕೊಡದ ಈ ವ್ಯತ್ಯಾಸವನ್ನು ನಮ್ಮ ಭಾಷೆ ತಾನಾಗಿ ಇಟ್ಟುಕೊಂಡಿದೆ. ವಿಜ್ಞಾನ ಹೇಳುವುದೂ ಇದನ್ನೇ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ನೀರಿನ ಆವಿ ಒಂದು ಅನಿಲ. ಅದಕ್ಕೆ ಬಣ್ಣವಿಲ್ಲ, ಅದು ಕಾಣುವುದಿಲ್ಲ. ಈ ಸಾಲು ಓದುತ್ತಿರುವಾಗ ನಿಮ್ಮ ಸುತ್ತಲಿನ ಗಾಳಿಯಲ್ಲೂ ಅದು ಇದೆ. ಗಾಳಿಯ ಗಾತ್ರದಲ್ಲಿ ಅದರ ಪಾಲು ಒಣ ಪ್ರದೇಶದಲ್ಲಿ ಶೂನ್ಯಕ್ಕೆ ಹತ್ತಿರ. ಬಿಸಿಯಾದ, ತೇವ ತುಂಬಿದ ಪ್ರದೇಶದಲ್ಲಿ ಶೇ 4ರ ತನಕ ಹೋಗುತ್ತದೆ. ಕಾಫಿಯ ಮೇಲೆ ಬೆಳ್ಳಗೆ ಸುಳಿಯುವುದು ಆವಿಯಲ್ಲ. ಮೇಲೆದ್ದ ಆವಿ ತಣ್ಣನೆಯ ಗಾಳಿಗೆ ತಾಗಿ ಮತ್ತೆ ನೀರಾದ ಅತಿ ಸಣ್ಣ ಹನಿಗಳ ಗುಂಪು ಅದು. ಅದು ಹಬೆ. ಕೆಟಲಿನ ಮೂತಿಯನ್ನು ಪಕ್ಕದಿಂದ ಗಮನಿಸಿದರೆ ಮೂತಿಗೂ ಬಿಳಿ ಹಬೆಗೂ ನಡುವೆ ಏನೂ ಇಲ್ಲದಂತೆ ತೋರುವ ಸ್ವಲ್ಪ ಜಾಗ ಸಿಗುತ್ತದೆ. ಅಪ್ಪಟ ಆವಿ ಇರುವುದು ಆ ಖಾಲಿ ಜಾಗದಲ್ಲಿ. ತರಗತಿಯಲ್ಲಿ ‘ಆವಿ ಎಲ್ಲಿದೆ, ತೋರಿಸಿ’ ಎಂದರೆ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸುತ್ತಾರೆ. ಖಾಲಿ ಜಾಗವನ್ನು ತೋರಿಸಿದ ಮಗುವಿಗೆ ಅರ್ಧ ಪಾಠ ತಿಳಿದಂತೆಯೇ. ಆ ಜಾಗಕ್ಕೆ ಬೆರಳು ಒಡ್ಡಲು ಮಾತ್ರ ಬಿಡಬೇಡಿ. ಒಂದು ಕಿಲೋಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 419 ಕಿಲೋಜೌಲ್ ಬೇಕು. 100 ಡಿಗ್ರಿಯ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಇನ್ನೂ 2,257 ಕಿಲೋಜೌಲ್ ಬೇಕು. ಆವಿ ಚರ್ಮದ ಮೇಲೆ ನೀರಾಗುವಾಗ ಆ ಶಾಖವನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಕುದಿನೀರಿನ ಸುಟ್ಟಗಾಯಕ್ಕಿಂತ ಆವಿಯ ಸುಟ್ಟಗಾಯ ಕ್ರೂರವಾಗಿರುವುದಕ್ಕೆ ಇದು ಕಾರಣ.

ಇನ್ನು ಉಗಿ. ಇದು ದುಡಿಯುವ ಆವಿ. ಉಗಿಬಂಡಿ, ಉಗಿಯಂತ್ರ, ಉಗಿಯ ಒತ್ತಡ: ಈ ಪದ ಕಾಣಿಸಿಕೊಂಡ ಕಡೆಯೆಲ್ಲ ಕೂಡಿಟ್ಟ ಬಲದ ಸೂಚನೆ ಇದೆ. ನೀರು ಕುದಿದು ಆವಿಯಾದಾಗ ಸಾಮಾನ್ಯ ಒತ್ತಡದಲ್ಲಿ ಅದರ ಗಾತ್ರ 1,600 ಪಟ್ಟಿಗೂ ಮೀರಿ ಹಿಗ್ಗುತ್ತದೆ. ಹಿಗ್ಗಲು ಬಿಡದೆ ಮುಚ್ಚಿಟ್ಟರೆ ಅದು ತಳ್ಳುತ್ತದೆ. ಇಂಗ್ಲೆಂಡಿನ ನ್ಯೂಕಮನ್ 1712ರಲ್ಲಿ ಗಣಿಯ ನೀರೆತ್ತಲು ಕಟ್ಟಿದ ಯಂತ್ರದಿಂದ, ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ ಸುಧಾರಿತ ಯಂತ್ರದಿಂದ, ಇಂದಿನ ಉಷ್ಣ ವಿದ್ಯುತ್ ಸ್ಥಾವರದ ಟರ್ಬೈನಿನ ತನಕ ನಂಬಿರುವುದು ನೀರು ಆವಿಯಾಗಿ ಹಿಗ್ಗುವ, ತಣಿದು ಮತ್ತೆ ಕುಗ್ಗುವ ಈ ಗುಣವನ್ನೇ.

ಮಕ್ಕಳಿಗೆ ಹೀಗೆ ಹೇಳಬಹುದು: ಕಾಣದೆ ಗಾಳಿಯಲ್ಲಿ ಸೇರಿಕೊಂಡದ್ದು ಆವಿ, ಬೆಳ್ಳಗೆ ಕಾಣುವುದು ಹಬೆ, ಒತ್ತಡದಿಂದ ಕೆಲಸ ಮಾಡುವುದು ಉಗಿ. ‘ಹಬೆಯಂತ್ರ’ ಎಂದು ಬರೆದವರೂ ಇದ್ದಾರೆ, ‘ಆವಿಯಲ್ಲಿ ಬೇಯಿಸಿ’ ಎನ್ನುವ ಮನೆಗಳೂ ಇವೆ. ಅವುಗಳಿಗೆ ಅಂಕ ಕಳೆಯಬೇಡಿ. ಒಂದನ್ನು ಮಾತ್ರ ಬಿಡದೆ ತಿದ್ದಿ: ಆವಿಗೆ ಬೆಂಕಿ ಬೇಕೆಂಬ ಗ್ರಹಿಕೆಯನ್ನು. ಕುದಿಯುವುದಕ್ಕೆ ಕುದಿಬಿಂದು ಬೇಕು, ಆವಿಯಾಗಲು ಬೇಡ. ಒದ್ದೆ ನೆಲವೂ ತಣ್ಣನೆಯ ಕೆರೆಯೂ ಹಗಲಿರುಳು ಆವಿಯಾಗುತ್ತಲೇ ಇರುತ್ತವೆ.

ಪ್ರಶ್ನೆ: ನಮ್ಮ ಅಜ್ಜ ‘ಹೊಗೆಬಂಡಿ’ ಎನ್ನುತ್ತಿದ್ದರು, ಶಾಲೆಯಲ್ಲಿ ‘ಉಗಿಬಂಡಿ’ ಎಂದು ಕಲಿತೆವು. ಯಾವುದು ಸರಿ?

ಉತ್ತರ: ಎರಡೂ. ದೂರದಲ್ಲಿ ನಿಂತು ನೋಡಿದವರು ಇಟ್ಟ ಹೆಸರು ಒಂದು, ಒಳಗಿನ ಕೆಲಸ ತಿಳಿದು ಇಟ್ಟ ಹೆಸರು ಇನ್ನೊಂದು. ಈ ದೇಶದ ಮೊದಲ ಪ್ರಯಾಣಿಕರ ರೈಲು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಹೊರಟದ್ದು 1853ರ ಏಪ್ರಿಲ್ 16ರಂದು. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಎತ್ತು ಕುದುರೆ ಯಾವುದೂ ಇಲ್ಲದೆ ಹೊಗೆ ಕಾರುತ್ತ ಬಂದ ಬಂಡಿಯನ್ನು ಜನ ಕಂಡಂತೆಯೇ ಕರೆದರು.

ನಿಮ್ಮ ಅಜ್ಜನ ಪರವಾಗಿ ಇನ್ನೊಂದು ಮಾತು. ಆ ಎಂಜಿನಿನ ಹೊಗೆಕೊಳವೆಯಿಂದ ಬರುತ್ತಿದ್ದುದು ಕಲ್ಲಿದ್ದಲ ಹೊಗೆಯೊಂದೇ ಅಲ್ಲ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನೂ ಅದೇ ಕೊಳವೆಯಿಂದ ಹೊರಕ್ಕೆ ಊದುತ್ತಿದ್ದರು. ಆ ಊದುವಿಕೆಯ ಸೆಳೆತಕ್ಕೆ ಒಲೆಯೊಳಗೆ ಹೊಸ ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತಿತ್ತು. ‘ಛುಕ್ ಛುಕ್’ ಎಂದು ಮಕ್ಕಳು ಅನುಕರಿಸುವ ಸದ್ದು ಹುಟ್ಟುತ್ತಿದ್ದುದು ಅಲ್ಲಿಂದ. ಹೊಗೆಯೂ ಉಗಿಯೂ ಒಂದೇ ಬಾಯಿಂದ ಹೊರಬರುತ್ತಿದ್ದುದರಿಂದ ಎರಡು ಹೆಸರಿಗೂ ಸಮಾನ ಹಕ್ಕಿದೆ.

ಬೇರೆ ಕಡೆಗಳಲ್ಲಿ ಮಾತ್ರ ಇವೆರಡನ್ನು ಬೆರೆಸಬಾರದು. ಹೊಗೆ ಉರಿದದ್ದರಿಂದ ಬರುತ್ತದೆ, ಹಬೆ ಕಾದದ್ದರಿಂದ. ನಮ್ಮ ತರ್ಕಶಾಸ್ತ್ರದಲ್ಲಿ ‘ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ’ ಎಂಬುದು ಅನುಮಾನದ, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ಊಹಿಸಿ ತಿಳಿಯುವುದರ, ಹಳೆಯ ಉದಾಹರಣೆ. ಅದರ ಜೊತೆಗೇ ಒಂದು ಎಚ್ಚರಿಕೆಯೂ ಇದೆ: ನೀರಿನ ಮೇಲೆದ್ದ ಬಾಷ್ಪವನ್ನು ಹೊಗೆಯೆಂದು ಭ್ರಮಿಸಿ ಅಲ್ಲಿ ಬೆಂಕಿಯಿದೆ ಎಂದವನ ಅನುಮಾನ ಬೀಳುತ್ತದೆ. ಹಬೆಗೂ ಹೊಗೆಗೂ ಇರುವ ಅಂತರ ಶತಮಾನಗಳ ಹಿಂದೆಯೇ ವಾದದ ವಸ್ತುವಾಗಿತ್ತು.

ಪ್ರಶ್ನೆ: ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಕಾರ್ಮಿಕರಿಗಾಗಿ ಎಚ್ಚರಿಕೆಯ ಫಲಕಗಳನ್ನು ಕನ್ನಡದಲ್ಲಿ ಬರೆಸಬೇಕು. ಡ್ರೈ ಸ್ಟೀಮ್, ವೆಟ್ ಸ್ಟೀಮ್, ಸೂಪರ್‌ಹೀಟೆಡ್ ಸ್ಟೀಮ್ ಎಂಬುದಕ್ಕೆ ಏನು ಬರೆಯಲಿ?

ಉತ್ತರ: ಈ ಪತ್ರ ಓದಿ ನನ್ನ ತಂದೆಯ ನೆನಪಾಯಿತು. ಅವರು ಉಗಿ ಎಂಜಿನಿನಲ್ಲಿ ಫೈರ್‌ಮನ್ ಆಗಿದ್ದರು. ಕಲ್ಲಿದ್ದಲು ಎರಚುವುದು, ಬಾಯ್ಲರಿನ ನೀರಿನ ಮಟ್ಟದ ಮೇಲೆ ಕಣ್ಣಿಡುವುದು ಅವರ ಕೆಲಸ. ಮೀಟರ್‌ಗೇಜ್ ಹಳಿಯ ‘ವೈಪಿ’ ಮಾದರಿಯ ಎಂಜಿನಿನ ಬಾಯ್ಲರ್ ಚದರ ಅಂಗುಲಕ್ಕೆ 210 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ಶೆಡ್ಡಿನಲ್ಲಿ ಯಾರೂ ‘ಉಗಿ’ ಎನ್ನುತ್ತಿರಲಿಲ್ಲ. ‘ಸ್ಟೀಮು’ ಎಂದೇ ಮಾತು. ‘ಸ್ಟೀಮು ಏರಿಲ್ಲ’, ‘ಸ್ಟೀಮು ಸೋರುತ್ತಿದೆ’. ಆ ಮಾತಿನಲ್ಲಿ ಕೊರತೆ ಏನೂ ಇರಲಿಲ್ಲ, ಏಕೆಂದರೆ ಕೇಳಿದವನಿಗೆ ತಕ್ಷಣ ಅರ್ಥವಾಗುತ್ತಿತ್ತು. ಅಪಾಯದ ಫಲಕದಲ್ಲಿ ನೋಡಬೇಕಾದದ್ದು ಅದನ್ನೇ. ನಿಮ್ಮ ಕಾರ್ಮಿಕರು ಸ್ಟೀಮ್ ಎನ್ನುವುದಾದರೆ ಫಲಕದಲ್ಲೂ ಸ್ಟೀಮ್ ಎಂದೇ ಇರಲಿ. ತರಬೇತಿಯ ಪುಸ್ತಿಕೆಯಲ್ಲಿ ಉಗಿ ಎಂದು ಬರೆದು ಎರಡೂ ಒಂದೇ ಎಂದು ಮೊದಲ ಪುಟದಲ್ಲೇ ತಿಳಿಸಿ.

‘ಒಣ ಉಗಿ’, ‘ಹಸಿ ಉಗಿ’ ಎಂಬುವು ಸೊಗಸಾಗಿ ನಿಲ್ಲುತ್ತವೆ. ಉಗಿಯೊಳಗೆ ನೀರಿನ ಹನಿಗಳು ಉಳಿದಿದ್ದರೆ ಹಸಿ, ಒಂದೂ ಉಳಿಯದಿದ್ದರೆ ಒಣ. ನೀರಿನಿಂದಲೇ ಆದದ್ದು ಒಣಗಿರುವುದು ಹೇಗೆ ಎಂದು ಮೊದಲ ಸಲ ಕೇಳುವವರಿಗೆ ಅನ್ನಿಸಬಹುದು, ಆದರೆ ಆ ಪದವೇ ವಿಷಯವನ್ನು ತಿಳಿಸಿಕೊಡುತ್ತದೆ. ಮೂರನೆಯದಕ್ಕೆ ಪಠ್ಯಪುಸ್ತಕದ ‘ಅತಿತಪ್ತ ಉಗಿ’ ಇದೆ. ಫಲಕದಲ್ಲಿ ಅದನ್ನು ಹಾಕಬೇಡಿ. ಓಡುತ್ತ ಓದುವವನಿಗೆ ‘ತಪ್ತ’ ತಡೆಯುತ್ತದೆ. ‘ಇನ್ನೂ ಕಾಯಿಸಿದ ಒಣ ಉಗಿ’ ಎಂದರೆ ಸಾಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬಿಳಿ ಮೋಡ ಎಬ್ಬಿಸಿ ಭೋರ್ಗರೆಯುವ ಸೋರಿಕೆ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ದೂರ ಸರಿಯುತ್ತಾರೆ. ಅತಿ ಬಿಸಿಯ ಒಣ ಉಗಿ ಸಣ್ಣ ಬಿರುಕಿನಿಂದ ಚಿಮ್ಮಿದಾಗ ಬಿರುಕಿನ ಹತ್ತಿರ ಏನೂ ಕಾಣುವುದಿಲ್ಲ. ಬರಿಯ ಸದ್ದು ಕೇಳುತ್ತದೆ. ತಣ್ಣಗಾಗಿ ಹಬೆಯಾಗಿ ಕಾಣುವ ಹೊತ್ತಿಗೆ ಅದು ದೂರ ಬಂದಿರುತ್ತದೆ. ‘ಬೆಳ್ಳಗಿರುವುದಕ್ಕೆ ಹೆದರಬೇಡ, ಸದ್ದು ಮಾಡಿಯೂ ಕಾಣದೇ ಇರುವುದಕ್ಕೆ ಹೆದರು’ ಎಂದು ತಂದೆ ಹೇಳುತ್ತಿದ್ದರು. ಆದ್ದರಿಂದ ಒಂದು ಫಲಕದಲ್ಲಾದರೂ ದೊಡ್ಡ ಅಕ್ಷರದಲ್ಲಿ ಹೀಗೆ ಬರೆಸಿ: ‘ಸೋರುವ ಸ್ಟೀಮ್ ಕಣ್ಣಿಗೆ ಕಾಣದು. ಸದ್ದು ಕೇಳಿದರೆ ಕೈ ಚಾಚಬೇಡಿ.’

ಪ್ರಶ್ನೆ: ‘ಬಾಷ್ಪ’ ಸರಿಯೋ ‘ಭಾಷ್ಪ’ ಸರಿಯೋ? ‘ಆನಂದಬಾಷ್ಪ’ದಲ್ಲಿ ಆವಿ ಎಲ್ಲಿಂದ ಬಂತು?

ಉತ್ತರ: ‘ಬಾಷ್ಪ’ ಸರಿ. ಮಹಾಪ್ರಾಣ ಬೇಡ. ಹಿಂದಿಯ ‘ಭಾಪ್’ ಇದೇ ಪದದಿಂದ ಬಂದದ್ದು. ಅಲ್ಲಿನ ‘ಭ’ ನಮ್ಮ ಬರಹಕ್ಕೂ ಜಾರಿಕೊಳ್ಳುತ್ತದೆ. ಮರಾಠಿಯ ‘ವಾಫ್’ ಕೂಡ ಇದರ ಸಂತಾನವೇ.

ಸಂಸ್ಕೃತದಲ್ಲಿ ಬಾಷ್ಪಕ್ಕೆ ಕಣ್ಣೀರು ಎಂಬ ಅರ್ಥವೂ ಇದೆ, ಆವಿ ಎಂಬ ಅರ್ಥವೂ ಇದೆ. ಕನ್ನಡ ಆ ಎರಡನ್ನು ಬೇರೆ ಬೇರೆ ಮನೆಗಳಿಗೆ ಕಳಿಸಿತು. ಕಾವ್ಯದಲ್ಲೂ ಶ್ರದ್ಧಾಂಜಲಿಯ ಜಾಹೀರಾತಿನಲ್ಲೂ ಕಣ್ಣೀರು ಉಳಿಯಿತು: ಆನಂದಬಾಷ್ಪ, ಬಾಷ್ಪಾಂಜಲಿ. ವಿಜ್ಞಾನದ ಪುಸ್ತಕದಲ್ಲಿ ಆವಿ ಉಳಿಯಿತು: ಬಾಷ್ಪೀಕರಣ, ಬಾಷ್ಪಶೀಲ, ಸಸ್ಯಗಳ ಬಾಷ್ಪವಿಸರ್ಜನೆ. ಹತ್ತನೆಯ ತರಗತಿಯ ಮಗು ಬೆಳಗ್ಗೆ ಕನ್ನಡ ಪಾಠದಲ್ಲಿ ಒಂದು ಬಾಷ್ಪವನ್ನೂ ಮಧ್ಯಾಹ್ನ ವಿಜ್ಞಾನ ಪಾಠದಲ್ಲಿ ಇನ್ನೊಂದನ್ನೂ ಓದುತ್ತದೆ. ಎರಡೂ ಒಂದೇ ಪದವೆಂದು ಯಾರಾದರೂ ಹೇಳಿಕೊಟ್ಟರೆ ಎಷ್ಟು ಚೆನ್ನ!

ನಮ್ಮದೇ ‘ಕಂಬನಿ’ ಇದಕ್ಕಿಂತ ನೇರ: ಕಣ್ಣಿನ ಪನಿ, ಅಂದರೆ ಹನಿ. ಹಳಗನ್ನಡದ ‘ಪ’ ಹೊಸಗನ್ನಡದಲ್ಲಿ ‘ಹ’ ಆಯಿತು. ಪಾಲು ಹಾಲಾದಂತೆ, ಪೊಗೆ ಹೊಗೆಯಾದಂತೆ, ಪನಿ ಹನಿಯಾಯಿತು. ಸಮಾಸದ ಒಳಗೆ ಸಿಕ್ಕಿಕೊಂಡ ಪನಿಯೋ ‘ಬನಿ’ಯಾಗಿ ಉಳಿಯಿತು. ತಮಿಳಿನಲ್ಲಿ ‘ಪನಿ’ ಎಂದರೆ ಇಂದಿಗೂ ಇಬ್ಬನಿ, ಮಂಜು. ‘ಆವಿ’ಗೂ ಇಂಥದೇ ನೆಂಟಸ್ತಿಕೆ ಇದೆ. ಮಲಯಾಳದಲ್ಲಿ ಆವಿ, ತೆಲುಗಿನಲ್ಲಿ ಆವಿರಿ. ತಮಿಳಿನಲ್ಲಿ ಆವಿ ಎಂದರೆ ಹಬೆಯೂ ಹೌದು, ಉಸಿರೂ ಹೌದು, ಪ್ರಾಣವೂ ಹೌದು.

ಪ್ರಶ್ನೆ: ಬಟ್ಟೆ ಆರಿತು, ಹಾಲು ಆರಿತು, ದೀಪ ಆರಿತು, ಬೆವರು ಆರಿತು. ಇಷ್ಟಕ್ಕೂ ಒಂದೇ ಕ್ರಿಯಾಪದವೇ? ಇವುಗಳಿಗೂ ‘ಆವಿಯಾಗು’ ಎಂಬುದಕ್ಕೂ ಏನು ಸಂಬಂಧ?

ಉತ್ತರ: ಒಂದೇ ಕ್ರಿಯಾಪದ. ನನ್ನ ಮಟ್ಟಿಗೆ ಕನ್ನಡದ ಅತ್ಯಂತ ಚೆಲುವಾದ ಕ್ರಿಯಾಪದಗಳಲ್ಲಿ ಒಂದು. ಬಟ್ಟೆಯಲ್ಲಿ ಅದರ ಅರ್ಥ ಒಣಗುವುದು, ಹಾಲಿನಲ್ಲಿ ತಣಿಯುವುದು, ದೀಪದಲ್ಲಿ ನಂದುವುದು. ಒಣಗುವುದಕ್ಕೂ ತಣಿಯುವುದಕ್ಕೂ ಒಂದೇ ಪದ ಏಕೆ ಎಂದು ಕೇಳಿದರೆ ಭೌತಶಾಸ್ತ್ರದ ಕಡೆಯಿಂದ ನಾನೊಂದು ಉತ್ತರ ಕೊಡಬಲ್ಲೆ. ನೀರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ತಾನು ಕೂತ ವಸ್ತುವಿನಿಂದಲೇ ಎಳೆದುಕೊಳ್ಳುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಕಿಲೋಗ್ರಾಂ ನೀರು ಹೀಗೆ ಸುಮಾರು 2,400 ಕಿಲೋಜೌಲ್ ಒಯ್ಯುತ್ತದೆ. ಒದ್ದೆ ಬಟ್ಟೆ ಒಣಗುತ್ತ ತಣ್ಣಗಿರುತ್ತದೆ. ಮಣ್ಣಿನ ಮಡಕೆಯ ಮೈಯಿಂದ ಜಿನುಗಿದ ನೀರು ಆರುತ್ತ ಒಳಗಿನ ನೀರನ್ನು ತಣಿಸುತ್ತದೆ. ತೆರೆದಿಟ್ಟ ಬಿಸಿ ಹಾಲು ಬೇಗ ಆರುವುದರಲ್ಲೂ ಮೇಲಿನಿಂದ ಏಳುವ ಆವಿಯ ಪಾಲು ದೊಡ್ಡದು. ಒಣಗುವುದೂ ತಣಿಯುವುದೂ ಒಂದೇ ಘಟನೆಯ ಎರಡು ಮುಖಗಳು. ಪದ ಹುಟ್ಟಿದಾಗ ಇದನ್ನು ಬಲ್ಲವರು ಇದ್ದರೆಂದು ನಾನು ಹೇಳುತ್ತಿಲ್ಲ. ಕೈಯಿಂದ ಮುಟ್ಟಿ ನೋಡಿದವರು ಇದ್ದರು, ಅಷ್ಟು ಸಾಕು.

ಈ ಗುಂಪಿನ ಉಳಿದ ಪದಗಳನ್ನೂ ನೋಡಿ. ಬತ್ತುವುದು ನೀರನ್ನು ಹಿಡಿದಿಟ್ಟ ಜಾಗ: ಕೆರೆ ಬತ್ತಿತು, ಬಾವಿ ಬತ್ತಿತು, ಎದೆಹಾಲು ಬತ್ತಿತು. ಇಂಗುವುದು ನೀರು: ಅದು ನೆಲದೊಳಗೆ ಇಳಿಯಿತು. ಇಂಗುಗುಂಡಿ ಎಂಬ ಒಳ್ಳೆಯ ಪದ ಅಲ್ಲಿಂದ ಬಂದಿದೆ. ಆವಿಯಾದ ನೀರು ಮೇಲಕ್ಕೆ ಹೋಯಿತು, ಇಂಗಿದ ನೀರು ಕೆಳಕ್ಕೆ ಹೋಯಿತು. ಕೆರೆ ಮಾತ್ರ ಎರಡರಿಂದಲೂ ಬತ್ತಿತು. ಬರಗಾಲದ ವರದಿಗಳಲ್ಲಿ ‘ಬಿಸಿಲಿಗೆ ಕೆರೆಯ ನೀರೆಲ್ಲ ಇಂಗಿಹೋಗಿದೆ’ ಎಂದು ಓದಿದಾಗ ನನಗೆ ಕಸಿವಿಸಿಯಾಗುತ್ತದೆ. ಬಿಸಿಲು ನೀರನ್ನು ಇಂಗಿಸುವುದಿಲ್ಲ. ಇಂಗಿದ ನೀರು ಬಾವಿಗೆ ಬರಬಹುದು, ಆವಿಯಾದದ್ದು ಬರುವುದಿಲ್ಲ. ನೀರಿನ ಲೆಕ್ಕ ಬರೆಯುವವರು ಈ ಎರಡು ಪದಗಳನ್ನು ಅದಲು ಬದಲು ಮಾಡಬಾರದು.

ಪ್ರಶ್ನೆ: ಕರಾವಳಿಯವಳು ನಾನು. ನಮ್ಮಲ್ಲಿ ಬೇಸಿಗೆಗೆ ‘ಸೆಖೆ’ ಎನ್ನುತ್ತೇವೆ. ಪತ್ರಿಕೆಯ ಹವಾಮಾನ ಸುದ್ದಿಯಲ್ಲಿ ‘ಕರಾವಳಿಯಲ್ಲಿ ಧಗೆ’ ಎಂದು ಬರುತ್ತದೆ. ಇದು ಸರಿಯೇ?

ಉತ್ತರ: ಸರಿಯಿಲ್ಲ ಎಂದೇ ನನ್ನ ಅಭಿಪ್ರಾಯ. ಧಗೆ ಉರಿಯ ಜಾತಿಯದು. ಅದು ಒಣಗಿಸುತ್ತದೆ, ತುಟಿ ಬಿರಿಯುತ್ತದೆ. ಸೆಖೆ ತೇವದ ಜಾತಿಯದು, ಮೈ ಅಂಟುತ್ತದೆ. ಹಿಂದಿನ ಉತ್ತರದಲ್ಲಿ ಬಂದ ‘ಆರು’ ಇಲ್ಲಿಗೂ ಸಲ್ಲುತ್ತದೆ. ಗಾಳಿಯಲ್ಲಿ ಈಗಾಗಲೇ ಆವಿ ತುಂಬಿದ್ದರೆ ಮೈಮೇಲಿನ ಬೆವರು ಆವಿಯಾಗುವುದು ನಿಧಾನವಾಗುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬೆವರು ಆರದ ಬಿಸಿಯೇ ಸೆಖೆ. ಒಳನಾಡಿನ 38 ಡಿಗ್ರಿಯ ಧಗೆಗಿಂತ ಕಡಲಂಚಿನ 33 ಡಿಗ್ರಿಯ ಸೆಖೆ ಹಿಂಸೆ ಅನ್ನಿಸುವುದುಂಟು. ಉಷ್ಣತೆಯ ಅಂಕಿಯೊಂದನ್ನೇ ಕೊಟ್ಟರೆ ಈ ಸಂಗತಿ ಮರೆಯಾಗುತ್ತದೆ. ‘ಸೆಖೆ’ ಎಂಬ ಒಂದೇ ಪದ ಅದನ್ನು ಹೇಳಿಬಿಡುತ್ತದೆ. ಇಷ್ಟು ನಿಖರವಾದ ಪದ ಕೈಯಲ್ಲಿರುವಾಗ ಸುದ್ದಿಮನೆಗಳು ಅದನ್ನು ಆಡುಮಾತೆಂದು ಬದಿಗಿಡುವುದು ನ್ಯಾಯವಲ್ಲ. ಗಾಳಿಯ ತೇವಕ್ಕೆ ‘ಆರ್ದ್ರತೆ’ ಎಂಬ ಪದವಿದೆ, ಅಳತೆಯ ಮಾತಿಗೆ ಅದು ಬೇಕು. ಅನುಭವದ ಮಾತಿಗೆ ಸೆಖೆಯೇ ಇರಲಿ.

ಪ್ರಶ್ನೆ: ಸ್ಮಾಗ್ ಎಂಬುದಕ್ಕೆ ‘ಹೊಂಜು’ ಎಂದು ಕೆಲವರು ಬರೆಯುತ್ತಾರೆ. ನಿಮಗೆ ಒಪ್ಪಿಗೆಯೇ?

ಉತ್ತರ: ಹೊಗೆಯ ತಲೆಯನ್ನೂ ಮಂಜಿನ ಬಾಲವನ್ನೂ ಸೇರಿಸಿ ಮಾಡಿದ ಪದ ಅದು. ಸ್ಮಾಗ್ ಎಂಬ ಇಂಗ್ಲಿಷ್ ಪದವೂ ಸ್ಮೋಕ್, ಫಾಗ್ ಎರಡನ್ನು ಕತ್ತರಿಸಿ ಜೋಡಿಸಿದ್ದು. 1905ರಲ್ಲಿ ಲಂಡನ್ನಿನ ಗಾಳಿಯ ಬಗ್ಗೆ ಮಾತಾಡುತ್ತ ವೈದ್ಯರೊಬ್ಬರು ಅದನ್ನು ಬಳಸಿ ಹೆಸರಾಗಿಸಿದರು. ಅದೇ ನಗರದಲ್ಲಿ 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು ದಿನಗಟ್ಟಲೆ ನಿಂತು ಸಾವಿರಾರು ಜನ ಸತ್ತರು.

ಹೊಂಜು ಎಂಬುದಕ್ಕೆ ನನ್ನ ಆಕ್ಷೇಪ ಒಂದೇ. ಕನ್ನಡದ ಕಿವಿಗೆ ‘ಹೊಂ’ ಎಂದರೆ ಹೊನ್ನು: ಹೊಂಬಿಸಿಲು, ಹೊಂಬಣ್ಣ, ಹೊಂಗನಸು. ಉಸಿರು ಕಟ್ಟಿಸುವ ಗಾಳಿಗೆ ಚಿನ್ನದ ಮೆರುಗು ಬರುವುದು ಬೇಡ. ‘ಹೊಗೆಮಂಜು’ ಎಂದರೆ ಒಂದು ಅಕ್ಷರವೂ ಕಳೆಯದೆ, ವಿವರಣೆ ಬೇಡದೆ, ಓದಿದ ಕೂಡಲೆ ತಿಳಿಯುತ್ತದೆ. ಶೀರ್ಷಿಕೆಯಲ್ಲಿ ಎರಡು ಅಕ್ಷರ ಹೆಚ್ಚಾದರೆ ಆಗಲಿ.

ಪ್ರಶ್ನೆ: ಅನುವಾದ ಮಾಡುವಾಗ ತೊಡಕು. ಫಾಗ್, ಮಿಸ್ಟ್, ಸ್ನೋ, ಎಲ್ಲಕ್ಕೂ ಕೈ ‘ಮಂಜು’ ಎಂದೇ ಬರೆಯುತ್ತದೆ.

ಉತ್ತರ: ಮಂಜು ಎಂಬ ಪದದ ಹರಹು ದೊಡ್ಡದು, ನಿಜ. ಗಾಳಿಯಲ್ಲಿ ತೇಲುವ ಹನಿಯೂ ಮಂಜು, ಹೆಪ್ಪುಗಟ್ಟಿದ್ದೂ ಮಂಜುಗಡ್ಡೆ, ವಯಸ್ಸಾದವರ ಕಣ್ಣೂ ಮಂಜು. ಬೀಳುವ ಸ್ನೋಗೆ ‘ಹಿಮ’ವನ್ನು ಮೀಸಲಿಟ್ಟರೆ ಅರ್ಧ ತೊಡಕು ಕಳೆಯುತ್ತದೆ. ಫಾಗ್ ಮತ್ತು ಮಿಸ್ಟ್ ಒಂದೇ ವಸ್ತು. ಹವಾಮಾನ ಶಾಸ್ತ್ರದಲ್ಲಿ ಅವನ್ನು ಬೇರ್ಪಡಿಸುವುದು ನೋಟದ ದೂರ. 1,000 ಮೀಟರಿನಾಚೆಗೆ ಕಾಣದಿದ್ದರೆ ಫಾಗ್, ಕಂಡರೆ ಮಿಸ್ಟ್. ‘ದಟ್ಟ ಮಂಜು’, ‘ತೆಳು ಮಂಜು’ ಎಂದರೆ ಕೆಲಸ ನಡೆಯುತ್ತದೆ. ಕ್ರಿಯಾಪದವೂ ನೆರವಿಗೆ ಬರುತ್ತದೆ: ಮಂಜು ಕವಿಯುತ್ತದೆ, ಮುಸುಕುತ್ತದೆ, ಹಿಮ ಸುರಿಯುತ್ತದೆ.

ಇಬ್ಬನಿಯನ್ನು ಇವುಗಳ ಜೊತೆ ಸೇರಿಸಬೇಡಿ. ಅದು ಆಕಾಶದಿಂದ ಇಳಿಯುವುದಿಲ್ಲ. ರಾತ್ರಿ ತಣ್ಣಗಾದ ಹುಲ್ಲಿನ ಎಸಳಿಗೆ ಗಾಳಿಯ ಆವಿ ತಾಗಿ ಅಲ್ಲೇ ನೀರಾಗುತ್ತದೆ. ಹಾಗೆಂದು ‘ಇಬ್ಬನಿ ಬಿತ್ತು’ ಎಂಬ ಮಾತನ್ನು ತಿದ್ದಲು ಹೋಗಬೇಕಿಲ್ಲ. ಸೂರ್ಯ ಹುಟ್ಟಿದ ಎನ್ನುವುದನ್ನೂ ನಾವು ತಿದ್ದುವುದಿಲ್ಲ.

ಪ್ರಶ್ನೆ: ‘ಷೇರುಪೇಟೆ ಕುಸಿತ: ಹೂಡಿಕೆದಾರರ ಕೋಟಿಗಟ್ಟಲೆ ಸಂಪತ್ತು ಆವಿ’. ಈ ಬಳಕೆ ಕನ್ನಡದ್ದೇ?

ಉತ್ತರ: ಕನ್ನಡದ ಜಾಯಮಾನಕ್ಕೆ ಹತ್ತಿರವಾದದ್ದು ‘ಕರಗಿತು’. ಹಣ ಕರಗುತ್ತದೆ, ಆಸ್ತಿ ಕರಗುತ್ತದೆ, ಆಸೆ ಕಮರುತ್ತದೆ. ಆದರೂ ‘ಆವಿ’ಯನ್ನು ನಾನು ತಳ್ಳಿಹಾಕುವುದಿಲ್ಲ. ಕರಗುವುದು ನಿಧಾನ, ಖರ್ಚು ಮಾಡಿದವನಿಗೆ ಎಲ್ಲಿ ಹೋಯಿತೆಂದು ಗೊತ್ತಿರುತ್ತದೆ. ಒಂದೇ ದಿನದಲ್ಲಿ, ಯಾರ ಕೈಗೂ ಸೇರದೆ, ಗುರುತೂ ಉಳಿಸದೆ ಹೋದದ್ದಕ್ಕೆ ಆವಿ ಒಪ್ಪುತ್ತದೆ. ‘ಹಬೆಯಾಯಿತು’ ಎಂದು ಯಾವ ಉಪಸಂಪಾದಕರೂ ಬರೆಯಲಿಲ್ಲ ನೋಡಿ. ಹಬೆ ಕಾಣುತ್ತದೆ, ಆವಿ ಕಾಣುವುದಿಲ್ಲ ಎಂಬುದು ಅವರ ಕಿವಿಗೆ ಗೊತ್ತಿದೆ.

ಪ್ರಶ್ನೆ: ‘ಎಂಜಿನ್ ಉಗಿ ಉಗಿಯಿತು’ ಎಂದು ಮಗಳು ಪ್ರಬಂಧದಲ್ಲಿ ಬರೆದಿದ್ದಾಳೆ. ತಪ್ಪೇ?

ಉತ್ತರ: ತಪ್ಪಲ್ಲ, ಆದರೆ ತೊಡರುತ್ತದೆ. ಮೊದಲ ಉಗಿ ನಾಮಪದ, ಎರಡನೆಯದು ಉಗುಳುವ ಕ್ರಿಯಾಪದ. ‘ಉಗಿ ಕಾರಿತು’ ಎಂದು ಬರೆಯಲಿ.

ಪ್ರಶ್ನೆ: ಗ್ಯಾಸಿಗೆ ‘ಅನಿಲ’, ವೇಪರ್‌ಗೆ ‘ಆವಿ’. ಹಾಗಾದರೆ ಪೆಟ್ರೋಲಿನದು ಯಾವುದು? ನಮ್ಮ ಬಂಕಿನ ಫಲಕದಲ್ಲಿ ‘ಪೆಟ್ರೋಲ್ ಅನಿಲ’ ಎಂದಿದೆ.

ಉತ್ತರ: ಅನಿಲವೆಂದರೆ ಮೂಲದಲ್ಲಿ ಗಾಳಿ, ಹಳೆಯ ಕಾವ್ಯದಲ್ಲಿ ಭೀಮನಿಗೆ ಅನಿಲಸುತ ಎಂಬ ಹೆಸರು ಅದರಿಂದಲೇ. ವಿಜ್ಞಾನ ಬರೆದವರು ಅದನ್ನು ಗ್ಯಾಸಿಗೆ ಒಗ್ಗಿಸಿದರು. ಸಡಿಲವಾಗಿ ಆವಿಯನ್ನೂ ಅನಿಲವೆನ್ನುತ್ತೇವೆ, ಮೊದಲ ಉತ್ತರದಲ್ಲಿ ನಾನೂ ಹಾಗೆಂದೆ. ಕಟ್ಟುನಿಟ್ಟಾಗಿ ನೋಡಿದರೆ ಅನಿಲಕ್ಕೂ ಆವಿಗೂ ನಡುವೆ ಒಂದು ಸ್ಪಷ್ಟ ಗೆರೆ ಇದೆ. ಬರೀ ಒತ್ತಿಯೇ ದ್ರವ ಮಾಡಬಹುದಾದರೆ ಅದು ಆವಿ. ಎಷ್ಟು ಒತ್ತಿದರೂ ದ್ರವವಾಗದಿದ್ದರೆ ಅನಿಲ. ಪ್ರತಿ ವಸ್ತುವಿಗೂ ಒಂದು ಉಷ್ಣತೆಯ ಮಿತಿಯಿದ್ದು, ಅದಕ್ಕಿಂತ ಕೆಳಗೆ ಆವಿ, ಮೇಲೆ ಅನಿಲ. ನೀರಿಗೆ ಆ ಮಿತಿ 374 ಡಿಗ್ರಿ ಸೆಲ್ಸಿಯಸ್, ಇಂಗಾಲದ ಡೈಆಕ್ಸೈಡಿಗೆ 31, ಆಮ್ಲಜನಕಕ್ಕೆ ಸೊನ್ನೆಗಿಂತ 118 ಡಿಗ್ರಿ ಕೆಳಗೆ. ಈ ಲೆಕ್ಕದಲ್ಲಿ ಅಡುಗೆ ಸಿಲಿಂಡರಿನ ಒಳಗೆ ದ್ರವದ ಮೇಲಿರುವುದು ಆವಿಯೇ. ಆದರೂ ‘ಅಡುಗೆ ಅನಿಲ’ ಎಂದೇ ರೂಢಿಯಾಗಿದೆ. ಅದನ್ನು ಕದಲಿಸುವ ಅಗತ್ಯವಿಲ್ಲ.

ಪೆಟ್ರೋಲಿಗೆ ಮಾತ್ರ ‘ಪೆಟ್ರೋಲ್ ಆವಿ’ ಎಂದೇ ಬರೆಸಿ. ಅನಿಲ ಎಂದರೆ ಎಲ್ಲೋ ಬೇರೆ ಸಿಲಿಂಡರ್ ಇದೆ ಎಂದು ಓದಿದವರು ತಿಳಿಯಬಹುದು. ಆವಿ ಎಂದರೆ ಎದುರಿಗೆ ಚೆಲ್ಲಿರುವ ಪೆಟ್ರೋಲಿನಿಂದಲೇ ಅದು ಏಳುತ್ತಿದೆ ಎಂದು ತಿಳಿಯುತ್ತದೆ. ಅದು ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ, ಕಾಣುವುದೂ ಇಲ್ಲ. ಫಲಕದಲ್ಲಿ ಜಾಗವಿದ್ದರೆ ‘ಪೆಟ್ರೋಲ್ ಆವಿ ನೆಲದಲ್ಲಿ ಹರಡಿರುತ್ತದೆ, ಕಡ್ಡಿ ಗೀರಬೇಡಿ’ ಎಂಬಷ್ಟನ್ನು ಸೇರಿಸಿ.